ರಾಕ್ಲೆಟ್ ಗ್ರಿಲ್ ಕೈಕೊಟ್ಟರೆ: ಯಂತ್ರ ಬಿಚ್ಚುವ ಮೊದಲು ಗೋಡೆಯ ಪ್ಲಗ್ ನೋಡಿ

ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ರಾಕ್ಲೆಟ್ ಗ್ರಿಲ್ ಬರುವುದು ಸಾಮಾನ್ಯವಾಗಿ ಎರಡು ದಾರಿಯಲ್ಲಿ. ಒಂದು, ಆನ್‌ಲೈನ್ ಖರೀದಿ. ಇನ್ನೊಂದು, ಜರ್ಮನಿಯಲ್ಲೋ ಅಮೆರಿಕದಲ್ಲೋ ಇರುವ ಮಗಳು-ಅಳಿಯ ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಸುತ್ತಿ ತರುವುದು. ಎರಡನೆಯ ದಾರಿಯಲ್ಲಿ ಬಂದದ್ದೇ ಹೆಚ್ಚು ತಕರಾರು ಮಾಡುತ್ತದೆ. ಕಾರಣ ಮುಂದೆ ಬರುತ್ತದೆ.

ಯಂತ್ರ ಸರಳವಾದದ್ದು. ಮೇಲೆ ತರಕಾರಿ ಸುಡುವ ಕಾವಲಿ, ಅದರ ಕೆಳಗೆ ಬಿಸಿಯಾಗುವ ಕಾಯಿಲ್, ಕಾಯಿಲ್‌ನ ಅಡಿಯಲ್ಲಿ ಚೀಸ್ ಕರಗಿಸಲು ಹಿಡಿಕೆಯುಳ್ಳ ಪುಟ್ಟ ತಟ್ಟೆಗಳು. ಫಾಂಡ್ಯೂ (ಕರಗಿದ ಚೀಸ್ ಅಥವಾ ಚಾಕೊಲೇಟಿನಲ್ಲಿ ತುಂಡುಗಳನ್ನು ಅದ್ದಿ ತಿನ್ನುವುದು) ಸೇರಿದ ಮಾದರಿಯಾದರೆ ನಡುವೆ ಒಂದು ಪಾತ್ರೆ ಕೂರುತ್ತದೆ. ಸ್ವಿಟ್ಜರ್‌ಲೆಂಡ್‌ನ ವಾಲೇ ಪ್ರಾಂತ್ಯದಲ್ಲಿ ದೊಡ್ಡ ಚೀಸ್ ಚಕ್ರವನ್ನು ಅರ್ಧಕ್ಕೆ ಕತ್ತರಿಸಿ ಬೆಂಕಿಯ ಮುಂದೆ ಇಟ್ಟು, ಕರಗಿದ ಪದರವನ್ನು ಬೇಯಿಸಿದ ಆಲೂಗಡ್ಡೆಯ ಮೇಲೆ ಕೆರೆದು ಹಾಕಿಕೊಳ್ಳುವ ಊಟವಿದೆ. ಈ ಯಂತ್ರ ಅದರ ವಿದ್ಯುತ್ ರೂಪ. ಒಳಗೆ ಇರುವುದು ಕಾಯಿಲ್, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್, ಒಂದು ಥರ್ಮಲ್ ಫ್ಯೂಸ್, ದೀಪ, ವೈರು. ಇಸ್ತ್ರಿ ಪೆಟ್ಟಿಗೆಯೊಳಗೆ ಇರುವುದೂ ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ಕೆಟ್ಟರೆ ಗಾಬರಿಯಾಗಬೇಕಿಲ್ಲ, ಆದರೆ ಹುಡುಕುವ ಕ್ರಮ ತಪ್ಪಬಾರದು. ಜನ ಮೊದಲು ಸ್ಕ್ರೂಡ್ರೈವರ್ ಹಿಡಿಯುತ್ತಾರೆ. ದೋಷ ಬಹಳ ಸಲ ಗೋಡೆಯಲ್ಲಿ, ಪ್ಲಗ್‌ನಲ್ಲಿ ಅಥವಾ ಚೀಸಿನ ಪೊಟ್ಟಣದಲ್ಲಿ ಇರುತ್ತದೆ.

## ಮೊದಲು ಯಂತ್ರದ ಅಡಿ ತಿರುಗಿಸಿ ಓದಿ

ತಣ್ಣಗಿರುವಾಗ, ಪ್ಲಗ್ ಕಿತ್ತು, ಯಂತ್ರವನ್ನು ಬೋರಲು ಹಾಕಿ. ಅಡಿಯಲ್ಲಿ ಒಂದು ತಗಡಿನ ಪಟ್ಟಿಯೋ ಸ್ಟಿಕ್ಕರ್ರೋ ಇರುತ್ತದೆ. ಅದರಲ್ಲಿ ಎರಡು ಅಂಕಿ ಬೇಕು: ವೋಲ್ಟ್ ಮತ್ತು ವ್ಯಾಟ್.

ವೋಲ್ಟ್ 220–240 ಎಂದಿದ್ದರೆ ನಮ್ಮ ಮನೆಗೆ ಸರಿ. 120 ಎಂದಿದ್ದರೆ ಅದು ಅಮೆರಿಕದ್ದು; ನಮ್ಮ ಪ್ಲಗ್‌ಗೆ ಹಾಕಲೇಬೇಡಿ. ವೋಲ್ಟೇಜ್ ಹೆಚ್ಚಿದಂತೆ ಕಾಯಿಲ್‌ನ ಶಕ್ತಿ ಅದರ ವರ್ಗದಷ್ಟು ಏರುತ್ತದೆ. 120 ವೋಲ್ಟ್‌ಗೆಂದು ಮಾಡಿದ 1200 ವ್ಯಾಟ್‌ನ ಕಾಯಿಲ್‌ಗೆ 230 ವೋಲ್ಟ್ ಕೊಟ್ಟರೆ ಅದು 4400 ವ್ಯಾಟ್ ಎಳೆಯಲು ನೋಡುತ್ತದೆ. ಮೇನ್ ಟ್ರಿಪ್ ಆದರೆ ನಿಮ್ಮ ಪುಣ್ಯ, ಆಗದಿದ್ದರೆ ಕ್ಷಣಗಳಲ್ಲಿ ಕಾಯಿಲ್ ಸುಟ್ಟು ಹೋಗುತ್ತದೆ. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲ. ಇಳಿಸಲು ಬೇರೆ ಟ್ರಾನ್ಸ್‌ಫಾರ್ಮರ್ ಬೇಕು. ಇಷ್ಟು ವ್ಯಾಟ್‌ಗೆ ಅದು ಯಂತ್ರಕ್ಕಿಂತ ಭಾರವಾಗಿ, ದುಬಾರಿಯೂ ಆಗುತ್ತದೆ. ಅಂಥ ಯಂತ್ರವನ್ನು ಅಳಿಯನ ಜೊತೆಯಲ್ಲೇ ವಾಪಸ್ ಕಳಿಸುವುದು ಒಳ್ಳೆಯದು.

ವ್ಯಾಟ್ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಎಂಟು ಜನರ ಗ್ರಿಲ್ ಸಾಮಾನ್ಯವಾಗಿ 1200ರಿಂದ 1500, ಚಿಕ್ಕದು 600–800 ವ್ಯಾಟ್ ಇರುತ್ತದೆ. 1500 ವ್ಯಾಟ್ ಎಂದರೆ 6.5 ಆಂಪಿಯರ್. ದೀಪ, ಫ್ಯಾನಿನ ಸ್ವಿಚ್‌ಬೋರ್ಡಿನಲ್ಲಿರುವ ಚಿಕ್ಕ ಸಾಕೆಟ್ 6 ಆಂಪಿಯರ್‌ನದು. ಗೀಸರ್, ವಾಷಿಂಗ್ ಮಶಿನ್‌ಗೆ ಹಾಕಿಸಿದ ದಪ್ಪ ಪಿನ್ನಿನ ಪವರ್ ಪ್ಲಗ್ 16 ಆಂಪಿಯರ್‌ನದು. ಈ ಯಂತ್ರದ ಜಾಗ ಎರಡನೆಯದರಲ್ಲಿ. ನಮ್ಮ ಬಹುತೇಕ ಮನೆಗಳಲ್ಲಿ ಊಟದ ಮೇಜಿನ ಬಳಿ ಇರುವುದು ಮೊದಲನೆಯದು ಮಾತ್ರ. ಅರ್ಧ ಸಮಸ್ಯೆಗಳ ಮೂಲ ಇಲ್ಲಿದೆ.

## ಏನು ಮಾಡಿದರೂ ದೀಪವೇ ಹತ್ತುವುದಿಲ್ಲ

ಅದೇ ಪ್ಲಗ್ ಪಾಯಿಂಟ್‌ಗೆ ಇಸ್ತ್ರಿ ಪೆಟ್ಟಿಗೆ ಹಾಕಿ ನೋಡಿ. ಮೊಬೈಲ್ ಚಾರ್ಜರ್ ಹಾಕಿ ಪರೀಕ್ಷಿಸಬೇಡಿ. ಸಡಿಲ ಸಂಪರ್ಕದಲ್ಲೂ ಚಾರ್ಜರ್ ನಡೆಯುತ್ತದೆ, ಗ್ರಿಲ್ ನಡೆಯುವುದಿಲ್ಲ. ಇಸ್ತ್ರಿಯೂ ಬಿಸಿಯಾಗದಿದ್ದರೆ ಯಂತ್ರದ ತಪ್ಪಿಲ್ಲ. ಎಂಸಿಬಿ (ಕರೆಂಟು ಹೆಚ್ಚು ಹರಿದರೆ ತಾನಾಗಿ ಬೀಳುವ, ಮೇನ್ ಬೋರ್ಡಿನ ಸ್ವಿಚ್) ಕೆಳಗೆ ಬಿದ್ದಿದೆಯೇ ನೋಡಿ. ಕರೆಂಟು ಹೋಗಿ ಮನೆ ಇನ್ವರ್ಟರ್ ಮೇಲೆ ನಡೆಯುತ್ತಿದೆಯೇ, ಅದನ್ನೂ ನೋಡಿ. ಮನೆಯ 800 ಅಥವಾ 900 ವಿಎ ಇನ್ವರ್ಟರ್ ಈ ಹೊರೆಯನ್ನು ಹೊರುವುದಿಲ್ಲ. ಓವರ್‌ಲೋಡ್ ಎಂದು ಕಿರುಚಿ ನಿಲ್ಲುತ್ತದೆ, ಜೊತೆಗೆ ಮನೆಯ ದೀಪಗಳನ್ನೂ ಆರಿಸುತ್ತದೆ. ಪವರ್ ಪ್ಲಗ್‌ಗಳಿಗೆ ಇನ್ವರ್ಟರ್ ಲೈನ್ ಕೊಟ್ಟಿರುವುದಿಲ್ಲ, ಹಾಗಾಗಿ ಕರೆಂಟು ಹೋದಾಗ ಅಲ್ಲಿ ಗ್ರಿಲ್ ಸತ್ತಂತೆ ಕಾಣುವುದು ಸಹಜ.

ಇಸ್ತ್ರಿ ಸರಿಯಾಗಿ ಕಾದರೆ ಯಂತ್ರದ ಕಡೆ ಬನ್ನಿ. ಕೆಲವು ಮಾದರಿಗಳಲ್ಲಿ ವೈರು ಮತ್ತು ತಾಪ ನಿಯಂತ್ರಿಸುವ ಗುಂಡಿ ಸೇರಿದ ಭಾಗ ಕಳಚಿ ಬರುತ್ತದೆ. ತೊಳೆಯಲು ಅನುಕೂಲವಾಗಲೆಂದು ಹಾಗೆ ಮಾಡಿರುತ್ತಾರೆ. ಅದರ ಉದ್ದನೆಯ ಲೋಹದ ಕಡ್ಡಿ ಪೂರ್ತಿ ಒಳಗೆ ಹೋಗಿ ಕೂರದಿದ್ದರೆ ಯಂತ್ರ ಚಾಲೂ ಆಗುವುದಿಲ್ಲ. ಕಡ್ಡಿಯ ಮೇಲೆ ಜಿಡ್ಡು ಗಟ್ಟಿಯಾಗಿದ್ದರೆ ಒಣ ಬಟ್ಟೆಯಿಂದ ಒರೆಸಿ, ಮತ್ತೆ ಒತ್ತಿ ಕೂರಿಸಿ. ಇನ್ನು ಕೆಲವು ಮಾದರಿಗಳಲ್ಲಿ ಮೇಲಿನ ಕಾವಲಿ ಸರಿಯಾಗಿ ಕೂತಾಗ ಮಾತ್ರ ಒತ್ತಲ್ಪಡುವ ಸಣ್ಣ ಸ್ವಿಚ್ ಇರುತ್ತದೆ. ಕಾವಲಿಯನ್ನು ತೆಗೆದು ನೇರವಾಗಿ ಇಡಿ.

ಆನಂತರ ವೈರು. ಪ್ಲಗ್‌ನ ಕುತ್ತಿಗೆ ಮತ್ತು ಯಂತ್ರದೊಳಗೆ ವೈರು ಹೋಗುವ ಜಾಗ, ಈ ಎರಡೇ ಕಡೆ ವೈರು ಒಳಗೊಳಗೆ ಕಡಿಯುತ್ತದೆ. ಪ್ಲಗ್ ಕಿತ್ತಿರುವಾಗ ಅಲ್ಲಿ ಬೆರಳಿನಿಂದ ಬಗ್ಗಿಸಿ ನೋಡಿ. ಮೆತ್ತಗೆ, ಒಳಗೆ ಏನೂ ಇಲ್ಲದಂತೆ ಮಡಚಿಕೊಂಡರೆ ತಂತಿ ತುಂಡಾಗಿದೆ ಎಂದು ಅರ್ಥ. ಟೇಪ್ ಸುತ್ತಿ ಮುಂದುವರಿಸಬೇಡಿ, ವೈರು ಬದಲಿಸಿ.

ಮಲ್ಟಿಮೀಟರ್ ಇರುವವರು ಇನ್ನೊಂದು ಹೆಜ್ಜೆ ಹೋಗಬಹುದು. ಪ್ಲಗ್ ಕಿತ್ತು, ಗುಂಡಿಯನ್ನು ಗರಿಷ್ಠಕ್ಕೆ ತಿರುಗಿಸಿ, ಪ್ಲಗ್‌ನ ಎರಡು ಮುಖ್ಯ ಪಿನ್‌ಗಳ ನಡುವೆ ಓಮ್ ಅಳೆಯಿರಿ. 1500 ವ್ಯಾಟ್‌ನ ಯಂತ್ರ ಸುಮಾರು 35, 1200ರದ್ದು 44, 800ರದ್ದು 66 ಓಮ್ ತೋರಿಸಬೇಕು. ಅಷ್ಟು ತೋರಿಸಿದರೆ ಯಂತ್ರದ ಒಳಗಿನ ದಾರಿ ಸರಿ ಇದೆ, ಗೋಡೆಯನ್ನೇ ಮತ್ತೆ ಅನುಮಾನಿಸಿ. ಮೀಟರ್ ಏನನ್ನೂ ತೋರಿಸದಿದ್ದರೆ ದಾರಿ ಎಲ್ಲೋ ತುಂಡಾಗಿದೆ: ವೈರು, ಥರ್ಮೋಸ್ಟಾಟ್, ಥರ್ಮಲ್ ಫ್ಯೂಸ್ ಅಥವಾ ಕಾಯಿಲ್. ಇಲ್ಲಿಂದ ಮುಂದಿನ ಕೆಲಸ ರಿಪೇರಿಯವರದು.

ಥರ್ಮಲ್ ಫ್ಯೂಸ್ ಬಗ್ಗೆ ಒಂದು ಮಾತು. ಅದು ಒಂದೇ ಸಲ ಹಾರುವ ಫ್ಯೂಸ್. ಥರ್ಮೋಸ್ಟಾಟ್ ಅಂಟಿಕೊಂಡು ಯಂತ್ರ ವಿಪರೀತ ಕಾದಾಗ ತಾನು ಸತ್ತು ಮನೆ ಉಳಿಸುತ್ತದೆ. ಕೆಲವು ರಿಪೇರಿಯವರು ‘ಇದು ಬೇಡ ಸರ್, ನೇರ ಕೊಟ್ಟಿದ್ದೇನೆ’ ಎಂದು ಅದರ ಜಾಗದಲ್ಲಿ ತಂತಿ ಜೋಡಿಸಿ ಕಳಿಸುತ್ತಾರೆ. ಯಂತ್ರ ಚೆನ್ನಾಗಿಯೇ ನಡೆಯುತ್ತದೆ, ಮುಂದಿನ ಸಲ ಥರ್ಮೋಸ್ಟಾಟ್ ಅಂಟಿಕೊಳ್ಳುವವರೆಗೆ. ಅದೇ ಡಿಗ್ರಿಯ, ಅದೇ ಆಂಪಿಯರ್‌ನ ಹೊಸ ಫ್ಯೂಸ್ ಹಾಕಿಸಿ; ಹಾರಿದ್ದು ಏಕೆ ಎಂದು ಥರ್ಮೋಸ್ಟಾಟನ್ನೂ ನೋಡಲು ಹೇಳಿ.

## ದೀಪ ಹತ್ತುತ್ತದೆ, ಆದರೆ ಬಿಸಿ ಸಾಲದು

ಮೊದಲು ಕಾವಲಿ ಯಾವುದೆಂದು ನೋಡಿ. ಕಲ್ಲಿನ ಕಾವಲಿಯಾದರೆ ಅದು ಕಾಯಲು ಅರ್ಧ ಗಂಟೆ ಹಿಡಿಯುವುದು ದೋಷವಲ್ಲ, ಕಲ್ಲಿನ ಗುಣ. ತೆಳ್ಳನೆಯ ಅಲ್ಯೂಮಿನಿಯಂ ಕಾವಲಿಯೂ ಹತ್ತು-ಹದಿನೈದು ನಿಮಿಷ ಕೇಳುತ್ತದೆ. ಕಿಟಕಿ ತೆರೆದು, ಫ್ಯಾನ್ ಜೋರಾಗಿ ಬಿಟ್ಟು, ಅದರ ಕೆಳಗೆ ಮೇಜು ಹಾಕಿದ್ದರೆ ಇನ್ನೂ ಹೆಚ್ಚು.

ನಮ್ಮ ಮನೆಗಳ ನಿರೀಕ್ಷೆಯೂ ಬೇರೆ. ಅವ್ವಂದಿರು ಇಂಥ ಕಾವಲಿ ಕಂಡ ಕೂಡಲೇ ಜೋಳದ ರೊಟ್ಟಿ ಹಾಕಿ ನೋಡುತ್ತಾರೆ. ರೊಟ್ಟಿ ಉಬ್ಬುವುದಿಲ್ಲ, ಬೆಳ್ಳಗೆ ಒಣಗಿ ಅಂಚು ಬಿರಿಯುತ್ತದೆ. ‘ಇದರ ಹೊಟ್ಟೆಯಲ್ಲಿ ಬೆಂಕಿಯೇ ಇಲ್ಲ’ ಎಂಬ ತೀರ್ಪು ಬರುತ್ತದೆ. ತೀರ್ಪು ಸರಿಯೇ: ಗ್ಯಾಸ್ ಒಲೆಯ ದೊಡ್ಡ ಬರ್ನರ್ ಒಂದೇ ಹಂಚಿಗೆ ಕೊಡುವ ಕಾವನ್ನು ಇಲ್ಲಿ ಒಂದು ಕಾಯಿಲ್ ಇಡೀ ಉದ್ದದ ಕಾವಲಿಗೂ ಕೆಳಗಿನ ತಟ್ಟೆಗಳಿಗೂ ಹಂಚಬೇಕು. ತೆಳ್ಳಗೆ ಹೆಚ್ಚಿದ ಬದನೆಕಾಯಿ, ಈರುಳ್ಳಿ, ದೊಣ್ಣಮೆಣಸಿನಕಾಯಿ ಚೆನ್ನಾಗಿ ಬೇಯುತ್ತವೆ. ಕಟಕ ರೊಟ್ಟಿಯನ್ನು ಬೆಚ್ಚಗೆ ಮಾಡಿಕೊಳ್ಳಬಹುದು. ಹಸಿ ರೊಟ್ಟಿ ಬೇಯಿಸುವ ಕೆಲಸ ಹಂಚಿಗೇ ಬಿಡಿ.

ಮೊದಲು ಚೆನ್ನಾಗಿ ಕಾಯುತ್ತಿದ್ದು ಈಗ ಕಾಯುತ್ತಿಲ್ಲವಾದರೆ ವೋಲ್ಟೇಜ್ ಅಳೆಯಿರಿ. 230 ವೋಲ್ಟ್ ಇರಬೇಕಾದಲ್ಲಿ 190 ಬಂದರೆ 1200 ವ್ಯಾಟ್‌ನ ಯಂತ್ರ 820ಕ್ಕೆ ಇಳಿಯುತ್ತದೆ. 180 ಬಂದರೆ 735ಕ್ಕೆ. ಟಿವಿ, ಎಲ್‌ಇಡಿ ದೀಪಗಳು ಈ ಇಳಿತವನ್ನು ತೋರಿಸಿಕೊಡುವುದಿಲ್ಲ, ಕಾಯಿಲ್ ಮಾತ್ರ ತಕ್ಷಣ ತೋರಿಸುತ್ತದೆ. ಅಳತೆಯನ್ನು ಎರಡು ಸಲ ಮಾಡಬೇಕು, ಗ್ರಿಲ್ ಚಾಲೂ ಮಾಡುವ ಮೊದಲು ಮತ್ತು ಮಾಡಿದ ಮೇಲೆ. ಮೀಟರ್‌ನ ಕಡ್ಡಿಗಳನ್ನು ಸಾಕೆಟ್‌ಗೆ ತೂರಿಸಿ ರೂಢಿಯಿಲ್ಲದವರು ಪೇಟೆಯಲ್ಲಿ ಸಿಗುವ, ಪ್ಲಗ್‌ಗೆ ಸಿಕ್ಕಿಸಿದರೆ ಅಂಕಿ ತೋರಿಸುವ ಪುಟ್ಟ ವೋಲ್ಟ್‌ಮೀಟರ್ ಬಳಸಲಿ.

ಮೊದಲೇ ಕಡಿಮೆ ಇದ್ದರೆ ಸಮಸ್ಯೆ ಹೊರಗಿನದು. ಸಂಜೆ ಎಲ್ಲರ ಮನೆಯಲ್ಲೂ ಹೊರೆ ಏರಿದಾಗ, ಅದೇ ಟ್ರಾನ್ಸ್‌ಫಾರ್ಮರ್ ಮೇಲೆ ಓಣಿಯ ಹಿಟ್ಟಿನ ಗಿರಣಿ ನಡೆಯುವಾಗ ಹೀಗಾಗುವುದುಂಟು. ಬೇರೆ ಹೊತ್ತಿನಲ್ಲಿ ಅಳೆದು ನೋಡಿ. ಯಾವಾಗಲೂ ಕಡಿಮೆಯೇ ಇದ್ದರೆ ಹೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ. ಇದಕ್ಕಾಗಿ ಸ್ಟೆಬಿಲೈಸರ್ ಕೊಳ್ಳುವುದು ದುಡ್ಡಿಗೆ ದಂಡ. ಆದರೆ ಮೊದಲು 228 ಇದ್ದು, ಗ್ರಿಲ್ ಹಾಕಿದ ಕೂಡಲೇ 205ಕ್ಕೆ ಕುಸಿದರೆ ಸಮಸ್ಯೆ ಮನೆಯೊಳಗಿನದು: ತೆಳು ವೈರು, ಸಡಿಲ ಜೋಡಣೆ ಅಥವಾ ಕಳಪೆ ಎಕ್ಸ್‌ಟೆನ್ಶನ್ ಬೋರ್ಡ್. ಕಾಣೆಯಾದ ಆ ವೋಲ್ಟ್‌ಗಳು ಗೋಡೆಯೊಳಗೆ ಎಲ್ಲೋ ಶಾಖವಾಗಿ ಹೊರಬರುತ್ತಿರುತ್ತವೆ. ಇದನ್ನು ಹಗುರವಾಗಿ ನೋಡಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.

ವೋಲ್ಟೇಜ್ ಸರಿ ಇದ್ದರೆ ಥರ್ಮೋಸ್ಟಾಟ್‌ಗೆ ಕಿವಿಗೊಡಿ. ಗುಂಡಿಯನ್ನು ಕನಿಷ್ಠದಿಂದ ಗರಿಷ್ಠಕ್ಕೆ ನಿಧಾನವಾಗಿ ತಿರುಗಿಸಿದರೆ ಒಂದು ಕಡೆ ‘ಟಕ್’ ಎಂಬ ಸಣ್ಣ ಸದ್ದು ಬರಬೇಕು. ಒಳಗಿನ ಎರಡು ಲೋಹದ ಪಟ್ಟಿ ಸಂಪರ್ಕ ಕೂಡಿಸಿದ ಸದ್ದು ಅದು. ಕಾದ ಮೇಲೆ ತಾನಾಗಿ ಇನ್ನೊಂದು ‘ಟಕ್’ ಬಂದು ದೀಪ ಆರುತ್ತದೆ, ಕಾವಲಿ ತುಸು ತಣ್ಣಗಾದ ಮೇಲೆ ಮತ್ತೆ ಹತ್ತುತ್ತದೆ. ದೀಪ ಹತ್ತಿ ಆರುವುದನ್ನೇ ದೋಷವೆಂದು ಅಂಗಡಿಗೆ ಒಯ್ಯುವವರಿದ್ದಾರೆ. ಕಾಯುವ ಮೊದಲೇ, ನಿಮಿಷದೊಳಗೆ ಮತ್ತೆ ಮತ್ತೆ ಟಕ್ ಎನ್ನುತ್ತಿದ್ದರೆ ಥರ್ಮೋಸ್ಟಾಟ್ ಹಾಳಾಗಿದೆ. ಎಷ್ಟು ಹೊತ್ತಾದರೂ ಟಕ್ ಎನ್ನದೆ, ಕಾವಲಿ ಹೊಗೆಯಾಡುವಷ್ಟು ಕಾದರೂ ದೀಪ ಆರದಿದ್ದರೆ ಅದು ಇನ್ನೂ ಕೆಟ್ಟದ್ದು. ತಕ್ಷಣ ಪ್ಲಗ್ ಕೀಳಿ. ಗುಂಡಿಯೇ ಇಲ್ಲದ ಅಗ್ಗದ ಮಾದರಿಗಳಲ್ಲಿ ಥರ್ಮೋಸ್ಟಾಟೂ ಇರುವುದಿಲ್ಲ, ಅವಕ್ಕೆ ಈ ಮಾತು ಅನ್ವಯಿಸದು.

## ಹಾಕಿದ ಕೂಡಲೇ ಟ್ರಿಪ್ ಆಗುತ್ತದೆ

ಯಾವುದು ಬಿತ್ತು ಎಂಬುದೇ ಇಲ್ಲಿ ಮುಖ್ಯ ಸುಳಿವು. ಮೇನ್ ಬೋರ್ಡಿನಲ್ಲಿ ಸಾಲಾಗಿ ಕಿರಿದಾದ ಎಂಸಿಬಿಗಳಿರುತ್ತವೆ. ಅವುಗಳ ಪಕ್ಕ ‘ಟೆಸ್ಟ್’ ಗುಂಡಿಯಿರುವ ಅಗಲವಾದ ಒಂದು ಸ್ವಿಚ್ ಇರುತ್ತದೆ. ಜನ ಇಎಲ್‌ಸಿಬಿ ಎನ್ನುವುದು ಅದನ್ನೇ.

ಎಂಸಿಬಿ ಬಿದ್ದರೆ ಕರೆಂಟು ಹೆಚ್ಚು ಹರಿದಿದೆ. ಪ್ಲಗ್ ಹಾಕಿದ ಕ್ಷಣವೇ ‘ಫಟ್’ ಎಂದು ಬಿದ್ದರೆ ವೈರಿನಲ್ಲೋ ಯಂತ್ರದಲ್ಲೋ ಶಾರ್ಟ್ ಆಗಿದೆ. ಮತ್ತೆ ಮತ್ತೆ ಎತ್ತಿ ನೋಡಬೇಡಿ. ಹತ್ತಿಪ್ಪತ್ತು ನಿಮಿಷ ನಡೆದು ಬಿದ್ದರೆ ಓವರ್‌ಲೋಡ್. 6 ಆಂಪಿಯರ್‌ನ ಎಂಸಿಬಿ ಮೇಲೆ 1500 ವ್ಯಾಟ್‌ನ ಗ್ರಿಲ್ ಅಂಚಿನ ಮೇಲೆ ನಿಂತಿರುತ್ತದೆ. ಫ್ರಿಜ್ಜು, ಟಿವಿ ಅದೇ ಲೈನಿನಲ್ಲಿ ಸೇರಿದರೆ ಬೀಳುತ್ತದೆ. 16 ಆಂಪಿಯರ್‌ನ ಲೈನಾದರೂ ಒಟ್ಟು 3680 ವ್ಯಾಟ್ ಮಾತ್ರ. ಗೀಸರ್, ಇಸ್ತ್ರಿ, ಗ್ರಿಲ್ ಮೂರೂ ಅದರ ಮೇಲೆ ಏಕಕಾಲಕ್ಕೆ ಬೇಡ. ಎಂಸಿಬಿ ಬೀಳುತ್ತದೆಂದು ಅದನ್ನೇ ದೊಡ್ಡದಕ್ಕೆ ಬದಲಿಸುವುದು ಅಪಾಯಕಾರಿ. ಎಂಸಿಬಿ ಇರುವುದು ಗೋಡೆಯ ವೈರನ್ನು ಕಾಯಲು. ದೊಡ್ಡ ಎಂಸಿಬಿ ಹಾಕಿದರೆ ಅದು ಬೀಳುವುದಿಲ್ಲ, ವೈರು ಸುಡುತ್ತದೆ.

ಇಎಲ್‌ಸಿಬಿ ಬಿದ್ದರೆ ಕಥೆ ಬೇರೆ. ಕರೆಂಟು ಎಲ್ಲೋ ಅರ್ಥ್‌ಗೆ ಸೋರುತ್ತಿದೆ. ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವಂಥದ್ದನ್ನು ಹಾಕಿರುತ್ತಾರೆ. ಧಾರವಾಡದ ಕಡೆ ಈ ದೂರು ಬರುವುದು ಹೆಚ್ಚಾಗಿ ಮಳೆಗಾಲದಲ್ಲಿ ಅಥವಾ ಅದು ಮುಗಿದು ದಸರೆ-ದೀಪಾವಳಿಗೆ ಯಂತ್ರವನ್ನು ಅಟ್ಟದಿಂದ ಇಳಿಸಿದಾಗ. ಕಾರಣ ಕಾಯಿಲ್‌ನ ಒಳಗಿದೆ. ಹೊರಗೆ ಕಾಣುವ ಲೋಹದ ಕೊಳವೆಯ ನಡುವೆ ಬಿಸಿಯಾಗುವ ತಂತಿ ಇರುತ್ತದೆ. ಎರಡರ ನಡುವೆ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಒಣಗಿದ್ದರೆ ಆ ಪುಡಿ ಕರೆಂಟನ್ನು ತಡೆಯುತ್ತದೆ, ಶಾಖವನ್ನು ಬಿಡುತ್ತದೆ. ಆದರೆ ಅದು ಗಾಳಿಯ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆಯಲ್ಲಿ ಅಟ್ಟದ ಮೇಲೆ ಕೂತ ಕಾಯಿಲ್‌ನ ತುದಿಗಳಿಂದ ತೇವ ಒಳಗಿಳಿದು ಸೋರಿಕೆಯ ದಾರಿ ಮಾಡುತ್ತದೆ. ಯಂತ್ರ ಕೆಟ್ಟಿರುವುದಿಲ್ಲ, ನೆನೆದಿರುತ್ತದೆ.

ಮಾಡಬೇಕಾದ್ದು: ಪ್ಲಗ್ ಕಿತ್ತು, ಕಾವಲಿ ತೆಗೆದು, ಕಾಯಿಲ್ ಭಾಗವನ್ನು ಒಂದೆರಡು ದಿನ ಸುಡುಬಿಸಿಲಿಗೆ ಇಡಿ. ಬಿಸಿಲಿಲ್ಲದಿದ್ದರೆ ಹೇರ್ ಡ್ರೈಯರ್‌ನ ಬಿಸಿ ಗಾಳಿಯನ್ನು ಕಾಯಿಲ್‌ನ ಎರಡೂ ತುದಿಗಳ ಕಡೆ ಆಗಾಗ ಬಿಡಿ. ಆಮೇಲೆ ಅದೇ ಇಎಲ್‌ಸಿಬಿ ಮೇಲಿರುವ ಫ್ರಿಜ್ಜು, ಗೀಸರ್, ವಾಷಿಂಗ್ ಮಶಿನ್ ಎಲ್ಲದರ ಪ್ಲಗ್ ಕಿತ್ತು ಗ್ರಿಲ್ ಒಂದನ್ನೇ ಹಾಕಿ. ಹಾಗೆ ನಿಂತು, ಬೇರೆಯವು ಸೇರಿದಾಗ ಬಿದ್ದರೆ ಎಲ್ಲದರ ಸಣ್ಣ ಸಣ್ಣ ಸೋರಿಕೆ ಕೂಡಿ ಮಿತಿ ದಾಟುತ್ತಿದೆ. ಹಳೆಯ ಗೀಸರ್ ಮೇಲೂ ಒಂದು ಕಣ್ಣಿಡಿ. ಒಂದೇ ಇದ್ದಾಗಲೂ ಬಿದ್ದರೆ ರಿಪೇರಿ ಅಂಗಡಿಯಲ್ಲಿ ಮೆಗ್ಗರ್ ಎಂಬ ಮೀಟರ್ ಹಾಕಿಸಿ ಇನ್ಸುಲೇಷನ್ (ಕರೆಂಟು ಮೈಗೆ ಸೋರದಂತೆ ತಡೆಯುವ ಶಕ್ತಿ) ಅಳೆಸಿ. ಇಎಲ್‌ಸಿಬಿ ಇಲ್ಲದ ಪಕ್ಕದ ಮನೆಯಲ್ಲಿ ಹಾಕಿದರೆ ನಡೆಯುತ್ತದೆ ಎಂದು ಅಲ್ಲಿ ಊಟಕ್ಕೆ ಕೂರಬೇಡಿ. ಅಲ್ಲಿ ಸೋರಿಕೆ ನಿಂತಿಲ್ಲ, ಹಿಡಿಯುವವರಿಲ್ಲ ಅಷ್ಟೇ.

## ಮುಟ್ಟಿದರೆ ಜುಮ್ಮೆನ್ನುತ್ತದೆ

ಇಲ್ಲಿ ಅಗ್ಗದ ಪರೀಕ್ಷೆ, ದುಬಾರಿ ಪರೀಕ್ಷೆ ಎಂಬುದಿಲ್ಲ. ಮೊದಲು ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಆಮೇಲೆ ಮಾತು.

ಈ ಲಕ್ಷಣವನ್ನು ಮನೆಯವರೇ ಒಪ್ಪದಿರುವುದುಂಟು. ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲು ಊರಿ ಕೂತ ಕಾಕಾನಿಗೆ ಚುರುಗುಟ್ಟುತ್ತದೆ. ಎದುರಿನ ಮರದ ಕುರ್ಚಿಯಲ್ಲಿ ಕಾಲು ಮಡಚಿ ಕೂತ ಹುಡುಗನಿಗೆ ಏನೂ ಆಗುವುದಿಲ್ಲ. ‘ನಿಮಗೆ ಸುಮ್ಮನೆ ಭ್ರಮೆ ಕಾಕಾ’ ಎನ್ನುತ್ತಾನೆ. ಭ್ರಮೆಯಲ್ಲ. ಕಾಕಾನ ಪಾದದ ಮೂಲಕ ಕರೆಂಟಿಗೆ ನೆಲದ ದಾರಿ ಸಿಕ್ಕಿದೆ, ಹುಡುಗನ ಮೂಲಕ ಸಿಕ್ಕಿಲ್ಲ.

ವಿದೇಶದಿಂದ ಬಂದ ಯಂತ್ರಗಳ ಮುಖ್ಯ ತಕರಾರು ಇದೇ. ಜರ್ಮನಿ ಕಡೆಯ ಪ್ಲಗ್‌ನಲ್ಲಿ ಎರಡು ದುಂಡು ಪಿನ್‌ಗಳಿರುತ್ತವೆ, ಮೂರನೆಯದು ಇರುವುದಿಲ್ಲ. ಅರ್ಥಿಂಗ್ ಇಲ್ಲವೆಂದಲ್ಲ, ಪ್ಲಗ್‌ನ ಎರಡು ಬದಿಗಳಲ್ಲಿ ಇರುವ ಲೋಹದ ಪಟ್ಟಿಗಳೇ ಅರ್ಥ್. ಅವರ ಸಾಕೆಟ್‌ನ ಬದಿಯಲ್ಲಿರುವ ಕೊಂಡಿಗಳಿಗೆ ಆ ಪಟ್ಟಿ ತಾಗುತ್ತದೆ. ನಮ್ಮ ಸಾಕೆಟ್‌ನಲ್ಲಿ ಅರ್ಥ್ ಮೇಲಿನ ದೊಡ್ಡ ತೂತಿನಲ್ಲಿದೆ. ಆ ತೂತಿಗೆ ಪೆನ್ನೋ ಸ್ಕ್ರೂಡ್ರೈವರ್ರೋ ತೂರಿಸಿ ಕೆಳಗಿನ ಎರಡು ತೂತುಗಳ ಮುಚ್ಚಳ ಸರಿಸಿ ದುಂಡು ಪಿನ್ ತುರುಕುವವರಿದ್ದಾರೆ. ಅಗ್ಗದ ಅಡಾಪ್ಟರ್ ಸಿಕ್ಕಿಸುವವರೂ ಇದ್ದಾರೆ. ಎರಡರಲ್ಲೂ ಯಂತ್ರ ಕಾಯುತ್ತದೆ, ಅರ್ಥ್ ಮಾತ್ರ ಎಲ್ಲೂ ತಾಗಿರುವುದಿಲ್ಲ. ಲೋಹದ ಮೈಗೆ ಕರೆಂಟು ಬಂದರೆ ಹೋಗಲು ಕಾಕಾನೇ ದಾರಿ.

ಪರಿಹಾರ ದುಬಾರಿಯದಲ್ಲ. ಆ ಪ್ಲಗ್ ಕತ್ತರಿಸಿ, ಐಎಸ್‌ಐ ಗುರುತಿನ ಮೂರು ಪಿನ್ನಿನ 16 ಆಂಪಿಯರ್ ಪ್ಲಗ್ ಹಾಕಿಸಿ. ಹಸಿರು-ಹಳದಿ ಪಟ್ಟೆಯ ತಂತಿಯೇ ಅರ್ಥ್; ಅದು ದೊಡ್ಡ ಪಿನ್ನಿಗೇ ಹೋಗಬೇಕು. ಹಾಕಿದ ಮೇಲೆ ದೊಡ್ಡ ಪಿನ್ನಿಗೂ ಯಂತ್ರದ ಬಣ್ಣವಿಲ್ಲದ ಲೋಹದ ಭಾಗಕ್ಕೂ ನಡುವೆ ಮೀಟರ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ ಓಮ್ ಬರಬೇಕು.

ಪ್ಲಗ್ ಸರಿಯಿದ್ದೂ ಜುಮ್ಮೆನ್ನುತ್ತಿದ್ದರೆ ಮನೆಯ ಅರ್ಥಿಂಗನ್ನೇ ಅನುಮಾನಿಸಿ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥ್ ತಂತಿಯೇ ಇರುವುದಿಲ್ಲ. ಇನ್ನು ಹುಬ್ಬಳ್ಳಿ, ಗದಗ ಸುತ್ತಿನ ಎರೆಮಣ್ಣಿನಲ್ಲಿ ಹೂಳಿದ ಅರ್ಥಿಂಗ್‌ಗೆ ಬೇಸಿಗೆಯ ಕಾಟವಿದೆ. ಎರೆ ಒಣಗಿ ಬಿರುಕು ಬಿಟ್ಟಾಗ ಕಂಬಿಗೂ ಮಣ್ಣಿಗೂ ನಡುವೆ ಸಂಪರ್ಕ ಸಡಿಲವಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಅರ್ಥಿಂಗ್ ಹೂಳಿದ ಗುಂಡಿಗೆ ನೀರು ಹಾಕಿಸುವ ಹಳೆಯ ರೂಢಿ ಸುಮ್ಮನೆ ಬಂದದ್ದಲ್ಲ. ಎಲೆಕ್ಟ್ರಿಷಿಯನ್ ಬಂದಾಗ ಫೇಸ್ ಮತ್ತು ಅರ್ಥ್ ನಡುವೆ, ಆಮೇಲೆ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ವೋಲ್ಟೇಜ್ ಅಳೆಯಲು ಹೇಳಿ. ಮೊದಲನೆಯದು ಮನೆಗೆ ಬರುವ ವೋಲ್ಟೇಜ್‌ನಷ್ಟೇ ಇರಬೇಕು, ಎರಡನೆಯದು ಕೆಲವೇ ವೋಲ್ಟ್ ಇರಬೇಕು. ಅರ್ಥ್ ಸರಿಯಾಗುವವರೆಗೆ ಈ ಗ್ರಿಲ್ ಮಾತ್ರವಲ್ಲ, ಗೀಸರ್ ಕೂಡ ಅಪಾಯ.

## ಪ್ಲಗ್ ಸುಡುತ್ತದೆ, ಕರಕಲು ವಾಸನೆ ಬರುತ್ತದೆ

ಅರ್ಧ ಗಂಟೆ ನಡೆದ ಮೇಲೆ ಸ್ವಿಚ್ ಆರಿಸಿ ಪ್ಲಗ್ ಮುಟ್ಟಿ. ಬೆಚ್ಚಗಿದ್ದರೆ ಸರಿ, ಹಿಡಿದುಕೊಳ್ಳಲಾಗದಷ್ಟು ಕಾದಿದ್ದರೆ ಸರಿಯಲ್ಲ. ಪಿನ್ನಿನ ಬುಡದಲ್ಲಿ ಕಂದು ಗುರುತು, ಸಾಕೆಟ್‌ನ ತೂತಿನ ಅಂಚು ಕರಗಿದಂತಿರುವುದು, ಕೊಳೆತ ಮೀನಿನಂಥ ವಾಸನೆ ಎಲ್ಲವೂ ಸಡಿಲ ಸಂಪರ್ಕದ ಗುರುತುಗಳು. ಸಾಕೆಟ್, ಪ್ಲಗ್ ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಸುಟ್ಟ ಹಳೆಯದು ಹೊಸದನ್ನೂ ಹಾಳು ಮಾಡುತ್ತದೆ.

ಮೇಜು ಗೋಡೆಯಿಂದ ದೂರ ಎಂದು ಎಕ್ಸ್‌ಟೆನ್ಶನ್ ಬೇಕೇ ಆದರೆ 16 ಆಂಪಿಯರ್‌ನ, ದಪ್ಪ ವೈರಿನ, ಮೂರು ಪಿನ್ನಿನದನ್ನು ಮಾತ್ರ ಬಳಸಿ. ಸುರುಳಿಯನ್ನು ಪೂರ್ತಿ ಬಿಚ್ಚಿ. ಸುತ್ತಿದ ಸುರುಳಿಯ ಒಳಗಿನ ಶಾಖಕ್ಕೆ ಹೊರಬರಲು ದಾರಿಯಿಲ್ಲದೆ ವೈರಿನ ಮೈ ಮೆತ್ತಗಾಗುತ್ತದೆ. ಎಷ್ಟೋ ಸಲ ಮೇಜನ್ನೇ ಗೋಡೆಯ ಬಳಿಗೆ ಎಳೆಯುವುದು ಸುಲಭ. ವೈರಿಗೆ ಓಡಾಡುವವರ ಕಾಲು ತಗುಲದಂತೆ ನೋಡಿಕೊಳ್ಳಿ.

## ಹೊಗೆ

ಹೊಸ ಯಂತ್ರ ಮೊದಲ ಸಲ ಹೊಗೆಯಾಡುತ್ತದೆ. ಕಾರ್ಖಾನೆಯಲ್ಲಿ ಕಾಯಿಲ್‌ಗೆ ಹಚ್ಚಿದ ಎಣ್ಣೆ ಉರಿಯುವುದು ಅದು. ಏನೂ ಇಡದೆ, ಕಿಟಕಿ ತೆರೆದು ಹದಿನೈದು ನಿಮಿಷ ಕಾಯಿಸಿದರೆ ನಿಲ್ಲುತ್ತದೆ.

ಹಳೆಯ ಯಂತ್ರದ ಹೊಗೆ ಸಾಮಾನ್ಯವಾಗಿ ನಮ್ಮ ಅಡುಗೆಯದ್ದೇ. ಬೆಣ್ಣೆ ಬೇಗ ಸೀಯುತ್ತದೆ, ತುಪ್ಪ ತಡೆದುಕೊಳ್ಳುತ್ತದೆ. ಗಾಣದ ಶೇಂಗಾ ಎಣ್ಣೆ ರಿಫೈನ್ಡ್ ಎಣ್ಣೆಗಿಂತ ಬೇಗ ಹೊಗೆಯಾಡುತ್ತದೆ. ಪನೀರಿಗೆ ಮಸಾಲೆ ಸವರಿ ಇಟ್ಟಾಗ ಉದುರಿದ ಖಾರದ ಪುಡಿ ಬ್ಯಾಡಗಿಯದ್ದೇ ಆದರೂ ಸೀದರೆ ಮನೆಯವರೆಲ್ಲ ಕೆಮ್ಮುತ್ತಾರೆ. ಮಸಾಲೆಯನ್ನು ಮೊಸರಿನಲ್ಲಿ ಕಲಸಿ ಹಚ್ಚಿ. ಕಾಯಿಲ್ ಮೇಲೆ ಸುರಿದ ಚೀಸ್ ಮುಂದಿನ ಸಲ ಉರಿದು ಹೊಗೆ ಕೊಡುತ್ತದೆ. ಅದನ್ನು ತಣ್ಣಗಾದ ಮೇಲೆ ಮರದ ಚಮಚದಿಂದ ಮೆಲ್ಲಗೆ ಕೆರೆಯಿರಿ. ಕಾಯಿಲ್ ಇರುವ ಭಾಗವನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ.

ನಾನ್‌ಸ್ಟಿಕ್ ಕಾವಲಿಯನ್ನು ಖಾಲಿಯಾಗಿ ಗರಿಷ್ಠದಲ್ಲಿ ಬಿಟ್ಟು ಹೋಗಬೇಡಿ. 260 ಡಿಗ್ರಿ ದಾಟಿದರೆ ಅದರ ಲೇಪ ಹಾಳಾಗಲು ಶುರುವಾಗುತ್ತದೆ. ವಿಪರೀತ ಕಾದ ಲೇಪದ ಹೊಗೆ ಹಕ್ಕಿಗಳಿಗೆ ಪ್ರಾಣಾಂತಿಕ. ಮನೆಯಲ್ಲಿ ಲವ್ ಬರ್ಡ್ಸ್ ಪಂಜರವಿದ್ದರೆ ಬೇರೆ ಕೋಣೆಗೆ ಒಯ್ಯಿರಿ.

ಪ್ಲಾಸ್ಟಿಕ್ ಅಥವಾ ರಬ್ಬರ್ ಸುಟ್ಟ ವಾಸನೆ ಅಡುಗೆಯದ್ದಲ್ಲ. ತಕ್ಷಣ ನಿಲ್ಲಿಸಿ, ರಿಪೇರಿಗೆ ಕೊಡಿ.

ಕಾವಲಿಯ ಮೇಲೆ ಬೆಂಕಿ ಹೊತ್ತಿದರೆ ಗೋಡೆಯ ಸ್ವಿಚ್ ಆರಿಸಿ, ಉಕ್ಕಿನ ಅಗಲ ಮುಚ್ಚಳ ಮುಚ್ಚಿ. ನೀರು ಎರಚಬೇಡಿ, ಉರಿಯುವ ಯಂತ್ರವನ್ನು ಎತ್ತಿಕೊಂಡು ಹೊರಗೆ ಓಡಬೇಡಿ. ಹಿಡಿತಕ್ಕೆ ಬಾರದಿದ್ದರೆ ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಕರೆ ಮಾಡಿ. ಕೈ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಬೆಣ್ಣೆ ಹಚ್ಚಬೇಡಿ. ಬೊಕ್ಕೆ ಎದ್ದರೆ ಆಸ್ಪತ್ರೆಗೆ ಹೋಗಿ.

## ಚೀಸ್ ಕರಗುತ್ತಿಲ್ಲ, ಕರಗಿದರೆ ಎಣ್ಣೆ ಬಿಡುತ್ತದೆ

ಪನೀರ್ ಇಟ್ಟಿದ್ದರೆ ರಾತ್ರಿಯಿಡೀ ಕಾದರೂ ಕರಗುವುದಿಲ್ಲ. ಕುದಿಯುವ ಹಾಲಿಗೆ ಹುಳಿ ಹಿಂಡಿ ಒಡೆಸಿ ಮಾಡಿದ್ದು ಅದು. ಬಿಸಿಗೆ ಕಂದುತ್ತದೆ, ಹರಿಯುವುದಿಲ್ಲ. ಅದನ್ನು ಮೇಲಿನ ಕಾವಲಿಯಲ್ಲಿ ಸುಟ್ಟುಕೊಳ್ಳಿ. ಮೊಸರೆಲ್ಲಾ ಕರಗಿ ನೂಲಿನಂತೆ ಎಳೆಯುತ್ತದೆ, ಆದರೆ ಆರಿದ ಕೂಡಲೇ ರಬ್ಬರ್‌ನಂತಾಗುತ್ತದೆ. ಪೇಟೆಯಲ್ಲಿ ಸುಲಭವಾಗಿ ಸಿಗುವ ಪ್ರೊಸೆಸ್ಡ್ ಚೀಸಿನಲ್ಲಿ ಕೊಬ್ಬು ಬೇರೆಯಾಗದಂತೆ ಹಿಡಿದಿಡುವ ಲವಣಗಳಿರುತ್ತವೆ. ರುಚಿಯಲ್ಲಿ ಸ್ವಿಸ್ ಚೀಸಿಗೆ ಸಾಟಿಯಲ್ಲವಾದರೂ ಕರಗುವುದರಲ್ಲಿ ತಕರಾರಿಲ್ಲ. ಮೊಸರೆಲ್ಲಾ, ಪ್ರೊಸೆಸ್ಡ್ ಚೀಸ್ ಎರಡನ್ನೂ ಅರ್ಧರ್ಧ ಬೆರೆಸುವುದು ನನಗೆ ಹಿಡಿಸಿದ ದಾರಿ. ಫ್ರಿಜ್‌ನಿಂದ ನೇರವಾಗಿ ಇಡದೆ ಅರ್ಧ ಗಂಟೆ ಹೊರಗಿಟ್ಟು, ಬೆರಳಿನ ಅರ್ಧದಷ್ಟು ದಪ್ಪದ ತುಂಡು ಮಾಡಿಕೊಳ್ಳಿ.

ಫಾಂಡ್ಯೂ ಪಾತ್ರೆಯಲ್ಲಿ ಚೀಸ್ ಒಂದು ಕಡೆ ಮುದ್ದೆಯಾಗಿ, ಎಣ್ಣೆ ಇನ್ನೊಂದು ಕಡೆ ತೇಲಿದರೆ ಬಿಸಿ ಹೆಚ್ಚಾಗಿದೆ. ಕುದಿಸಲೇಬಾರದು. ಸ್ವಿಸ್ಸರು ಬಿಳಿ ವೈನ್ ಹಾಕುವುದಕ್ಕೆ ರುಚಿಯೊಂದೇ ಕಾರಣವಲ್ಲ, ಅದರ ಹುಳಿ ಚೀಸನ್ನು ನುಣುಪಾಗಿ ಇಡುತ್ತದೆ. ನಮ್ಮಲ್ಲಿ ನಿಂಬೆರಸ ಆ ಕೆಲಸ ಮಾಡುತ್ತದೆ. ತುರಿದ ಚೀಸಿಗೆ ಮೊದಲೇ ಒಂದು ಚಮಚ ಕಾರ್ನ್‌ಫ್ಲೋರ್ ಸವರಿ, ಬಿಸಿನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಕಲಕಬೇಕು. ಒಡೆದೇ ಹೋಗಿದ್ದರೆ ಉರಿ ತಗ್ಗಿಸಿ, ಕಾರ್ನ್‌ಫ್ಲೋರನ್ನು ನಿಂಬೆರಸದಲ್ಲಿ ಕದಡಿ ಹಾಕಿ ಜೋರಾಗಿ ಕಲಕಿ. ಬಹಳ ಸಲ ಕೂಡಿಕೊಳ್ಳುತ್ತದೆ.

ಚಾಕೊಲೇಟ್ ಗಟ್ಟಿ ಮರಳಿನಂತಾದರೆ ಎಲ್ಲಿಂದಲೋ ಒಂದು ಹನಿ ನೀರು ಬಿದ್ದಿದೆ. ತೊಳೆದ ದ್ರಾಕ್ಷಿ, ಬಾಳೆಹಣ್ಣಿನ ತುಂಡನ್ನು ಒರೆಸದೆ ಅದ್ದಿದರೆ ಸಾಕು. ಬಿಸಿ ಹಾಲನ್ನು ಚಮಚ ಚಮಚವಾಗಿ ಸೇರಿಸಿ ಕಲಕಿ.

## ಫಾಂಡ್ಯೂ ಪಾತ್ರೆಯಲ್ಲಿ ಎಣ್ಣೆ ಕಾಯುತ್ತಿಲ್ಲ

ಗ್ರಿಲ್‌ನ ನಡುವೆ ಕೂರುವ ಪುಟ್ಟ ಪಾತ್ರೆ ಅನೇಕ ಮಾದರಿಗಳಲ್ಲಿ ಚೀಸ್, ಚಾಕೊಲೇಟ್ ಬೆಚ್ಚಗಿಡಲು ಮಾತ್ರ. ಕರಿಯಲು ಬೇಕಾದ 180 ಡಿಗ್ರಿಗೆ ಅದು ಏರುವುದಿಲ್ಲ. ಅದು ದೋಷವಲ್ಲ. ಎಣ್ಣೆಯ ಫಾಂಡ್ಯೂಗೆಂದೇ ಮಾಡಿದ ಪಾತ್ರೆಯಾದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಎಣ್ಣೆ ಬೇಡ, ತರಕಾರಿ ಒದ್ದೆಯಿರಬಾರದು.

ಸ್ಪಿರಿಟ್ ದೀಪದ ಮೇಲೆ ಇಡುವ ಪಾತ್ರೆಯಲ್ಲಿ ಉರಿ ಸಣ್ಣಗಾದರೆ ಇಂಧನ ಮುಗಿದಿದೆ ಎಂದು ಅರ್ಥ. ಉರಿ ಆರಿದೆ ಎಂದು ಕಂಡರೂ ಬಿಸಿ ದೀಪಕ್ಕೆ ಸ್ಪಿರಿಟ್ ಸುರಿಯಬೇಡಿ. ಸ್ಪಿರಿಟ್ ಜ್ವಾಲೆ ಬೆಳಕಿನಲ್ಲಿ ಕಾಣುವುದೇ ಇಲ್ಲ. ಸುರಿಯುವ ಬಾಟಲಿಗೇ ಬೆಂಕಿ ಏರುತ್ತದೆ. ಪೂರ್ತಿ ತಣ್ಣಗಾಗಲಿ, ಆಮೇಲೆ ತುಂಬಿ. ಸೀಮೆಎಣ್ಣೆ, ಸ್ಯಾನಿಟೈಸರ್ ಬದಲಿಗೆ ಹಾಕಬೇಡಿ. ಕರೆಂಟು ಹೋಯಿತೆಂದು ಇದ್ದಿಲಿನ ಶೇಗಡಿಯನ್ನು ಮುಚ್ಚಿದ ಕೋಣೆಗೆ ತರುವುದೂ ಬೇಡ. ಅದರ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

## ಕಾವಲಿಗೆ ಎಲ್ಲವೂ ಅಂಟುತ್ತದೆ, ಕಲ್ಲು ಬಿರಿದಿದೆ

ತಂತಿ ಉಜ್ಜುಗ ಬಳಸಿದ ನಾನ್‌ಸ್ಟಿಕ್ ಅಂಟಲೇಬೇಕು. ಹಿಡಿದ ಜಿಡ್ಡನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತನೆಯ ಸ್ಪಂಜಿನಿಂದ ತೆಗೆಯಿರಿ. ಮಕ್ಕಳು ಪುಟ್ಟ ತಟ್ಟೆಯಲ್ಲಿ ಲೈನ್ ಬಜಾರಿನ ಪೇಢೆ ಇಟ್ಟು ಕಾಯಿಸಲು ಹೊರಟರೆ ತಡೆಯಿರಿ. ಸಕ್ಕರೆ ಸೀದು ಕಪ್ಪು ಗಾಜಿನಂತೆ ಕೂತರೆ ತಟ್ಟೆ ಮುಗಿದಂತೆ. ಲೇಪ ಪದರ ಪದರವಾಗಿ ಏಳುತ್ತಿದ್ದರೆ ಆ ತಟ್ಟೆಯನ್ನು ಎಸೆಯಿರಿ.

ಕಾದ ಕಲ್ಲಿಗೆ ತಣ್ಣೀರು ಬಿದ್ದರೆ ಬಿರಿಯುತ್ತದೆ. ತೊಳೆದ ಒದ್ದೆ ಕಲ್ಲನ್ನು ಹಾಗೇ ಕಾಯಿಸಿದರೂ ಬಿರಿಯುತ್ತದೆ. ಕೂದಲೆಳೆಯಂಥ ಮೇಲ್ಮೈ ಗೀರಿನಿಂದ ತೊಂದರೆಯಿಲ್ಲ. ಆಚೆ ಬದಿಯವರೆಗೂ ಹೋದ ಬಿರುಕಾದರೆ ಕೊಬ್ಬು ಸೋರಿ ಕಾಯಿಲ್ ಮೇಲೆ ಬೀಳುತ್ತದೆ, ಬಳಸಬೇಡಿ.

## ರಿಪೇರಿಗೆ ಕೊಡುವಾಗ

ಈ ಯಂತ್ರದ ಹೆಸರು ಹೇಳಿದರೆ ಅನೇಕ ಅಂಗಡಿಯವರು ‘ನಮ್ಮಲ್ಲಿ ಆಗುವುದಿಲ್ಲ’ ಎನ್ನುತ್ತಾರೆ. ಇಸ್ತ್ರಿ ಪೆಟ್ಟಿಗೆ, ಸ್ಯಾಂಡ್‌ವಿಚ್ ಟೋಸ್ಟರ್ ರಿಪೇರಿ ಮಾಡುವವರ ಬಳಿಗೆ ಹೋಗಿ, ಕೆಟ್ಟಿರುವುದು ಕಾಯಿಲ್ಲೋ ಥರ್ಮೋಸ್ಟಾಟೋ ಎಂದು ಲಕ್ಷಣ ಹೇಳಿ ಕೇಳಿ; ಒಪ್ಪುತ್ತಾರೆ. ವಾರಂಟಿ ಇನ್ನೂ ಇದ್ದರೆ ಹೊರಗೆ ಬಿಚ್ಚಿಸಬೇಡಿ.

ಕಾಯಿಲ್ ಬದಲಿಸುವುದಾದರೆ 230 ವೋಲ್ಟ್‌ನ, ಯಂತ್ರದ ಅಡಿಯ ಪಟ್ಟಿಯಲ್ಲಿ ಬರೆದಷ್ಟೇ ವ್ಯಾಟ್‌ನ, ಅದೇ ಆಕಾರದ ಕಾಯಿಲ್ ಬೇಕು. ‘ಬೇಗ ಕಾಯಲಿ’ ಎಂದು ಹೆಚ್ಚು ವ್ಯಾಟ್‌ನದು ಹಾಕಿಸಿದರೆ ಒಳಗಿನ ಪ್ಲಾಸ್ಟಿಕ್ ತಾಳುವುದಿಲ್ಲ. ವೈರು ಬದಲಿಸಿದರೆ ಇಸ್ತ್ರಿಗೆ ಹಾಕುವ, ಹತ್ತಿ ಹೆಣಿಗೆಯ ಮೂರು ಎಳೆಯ ವೈರನ್ನೇ ಕೇಳಿ. ಸಾಮಾನ್ಯ ಪಿವಿಸಿ ವೈರು ಕಾದ ಅಂಚಿಗೆ ತಾಗಿದರೆ ಕರಗುತ್ತದೆ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಎರಡು ಅಳತೆ ಮಾಡಿಸಿ: ದೊಡ್ಡ ಪಿನ್ನಿನಿಂದ ಲೋಹದ ಮೈಗೆ ಅರ್ಥ್ ಕೂಡಿದೆಯೇ, ಮುಖ್ಯ ಪಿನ್‌ಗಳಿಂದ ಮೈಗೆ ಸೋರಿಕೆ ಇಲ್ಲವೇ. ಬಿಲ್ಲಿನಲ್ಲಿ ಯಾವ ಭಾಗ ಬದಲಿಸಿದರೆಂದು ಬರೆಸಿಕೊಳ್ಳಿ. ಥರ್ಮಲ್ ಫ್ಯೂಸ್ ಬದಲಿಸಿದ್ದೇವೆ ಎಂದರೆ ಹಾರಿದ ಹಳೆಯದನ್ನು ಕೇಳಿ ನೋಡಿ.